ಹಲವು ಮಾಡ್ಯೂಲ್‌ಗಳು, ಒಂದೇ ಸ್ಥಿತಿ: ಬದಲಾಯಿಸುವ ಹಕ್ಕು ಯಾರದು?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕಾಗಿ ಪೈಥಾನ್‌ನಲ್ಲಿ ಒಂದು ಸಣ್ಣ ತಂತ್ರಾಂಶ ಬರೆಯುತ್ತಿದ್ದೇನೆ. ಮೊದಲು ಎಲ್ಲವೂ ಒಂದೇ ಕಡತದಲ್ಲಿತ್ತು. ಅದು ಬೆಳೆದಂತೆ ‘ಮುಖ್ಯ’, ‘ತೂಕ’, ‘ದರಪಟ್ಟಿ’, ‘ಚೀಟಿ’, ‘ವರದಿ’ ಎಂದು ಐದು ಮಾಡ್ಯೂಲ್‌ಗಳಾಗಿ ಒಡೆದೆ. ಎಲ್ಲಕ್ಕೂ ಬೇಕಾದ ಪಾಳಿ, ದರ, ಸದಸ್ಯರ ಪಟ್ಟಿ, ಒಟ್ಟು ಲೀಟರ್ ಇವನ್ನು ‘ಸ್ಥಿತಿ’ ಎಂಬ ಆರನೆಯ ಕಡತದಲ್ಲಿಟ್ಟು ಎಲ್ಲ ಕಡೆ ಇಂಪೋರ್ಟ್ ಮಾಡಿಕೊಂಡೆ. ಆದರೆ ಸಂಜೆಯ ಪಾಳಿಗೆ ಬದಲಾಯಿಸಿದ ಮೇಲೂ ಚೀಟಿಯಲ್ಲಿ ‘ಬೆಳಿಗ್ಗೆ’ ಎಂದೇ ಮುದ್ರಣವಾಗುತ್ತದೆ. ವಿಚಿತ್ರವೆಂದರೆ, ಹೊಸ ಸದಸ್ಯರನ್ನು ಸೇರಿಸಿದರೆ ಮಾತ್ರ ಎಲ್ಲ ಕಡೆ ಸರಿಯಾಗಿ ಕಾಣುತ್ತದೆ. ಪಾಳಿಯನ್ನು ‘ಮುಖ್ಯ’ದಲ್ಲೇ ಇಟ್ಟು ಅಲ್ಲಿಂದ ಇಂಪೋರ್ಟ್ ಮಾಡಿದರೆ ಅದಕ್ಕೆ ಎರಡು ಪ್ರತಿಗಳಿರುವಂತೆ ವರ್ತಿಸುತ್ತದೆ. ಸಿಂಗಲ್‌ಟನ್ (ಒಂದೇ ಆಬ್ಜೆಕ್ಟ್ ಹುಟ್ಟುವಂತೆ ಕಟ್ಟಿದ ಕ್ಲಾಸ್) ಬಳಸು ಎನ್ನುತ್ತಾರೆ ಒಬ್ಬರು, ಎಲ್ಲವನ್ನೂ ಡೇಟಾಬೇಸ್‌ಗೆ ಹಾಕು ಎನ್ನುತ್ತಾರೆ ಇನ್ನೊಬ್ಬರು. ಸರಿಯಾದ ದಾರಿ ಯಾವುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಚೀಟಿಯಲ್ಲಿ ‘ಬೆಳಿಗ್ಗೆ’ ಏಕೆ ಬರುತ್ತದೆ ಎಂಬುದು ಒಂದು. ಅದು ಪೈಥಾನ್‌ನ ನಡವಳಿಕೆಯ ವಿಚಾರ, ಹತ್ತು ನಿಮಿಷದಲ್ಲಿ ಸರಿಪಡಿಸಬಹುದು. ಸ್ಥಿತಿಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಇನ್ನೊಂದು. ಅದು ವಿನ್ಯಾಸದ ವಿಚಾರ. ಮೊದಲನೆಯದನ್ನು ಸರಿಪಡಿಸಿದ ಕೂಡಲೇ ಎರಡನೆಯದೂ ಬಗೆಹರಿಯಿತೆಂದು ಹಲವರು ಕೈಬಿಡುತ್ತಾರೆ. ನೀವು ಹಾಗೆ ಮಾಡಬೇಡಿ ಎಂಬ ಉದ್ದೇಶದಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ರೈತರ ಕೈಗೆ ಹೋಗುವ ಚೀಟಿಯಲ್ಲಿ ತಪ್ಪು ಪಾಳಿ ಮುದ್ರಣವಾಗುವುದು ಸಣ್ಣ ವಿಷಯವಲ್ಲ. ಆ ಚೀಟಿಯೇ ಅವರ ಬಳಿ ಇರುವ ದಾಖಲೆ.

ಕೋಡನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ವೇರಿಯೇಬಲ್ ಮತ್ತು ಫಂಕ್ಷನ್‌ಗಳ ಹೆಸರನ್ನು ಪೈಥಾನ್ 3 ಕನ್ನಡದಲ್ಲೇ ಒಪ್ಪುತ್ತದೆ. ಇಂಪೋರ್ಟ್, ಡೆಫ್, ಕ್ಲಾಸ್ ಮುಂತಾದ ಭಾಷೆಯ ಪದಗಳನ್ನು ಎಂದಿನಂತೆ ಟೈಪ್ ಮಾಡಿಕೊಳ್ಳಿ.

ಮೊದಲು ಚೀಟಿಯ ಸಮಸ್ಯೆ. ನಿಮ್ಮ ‘ಚೀಟಿ’ ಮಾಡ್ಯೂಲ್‌ನ ಮೊದಲ ಸಾಲು ಬಹುಶಃ ಹೀಗಿದೆ:

ಫ್ರಮ್ ಸ್ಥಿತಿ ಇಂಪೋರ್ಟ್ ಪಾಳಿ, ಸದಸ್ಯರು

ಈ ಸಾಲು ‘ಸ್ಥಿತಿ’ಯೊಳಗಿನ ವೇರಿಯೇಬಲ್‌ಗೆ ಕಿಂಡಿ ತೆರೆಯುವುದಿಲ್ಲ. ಆ ಕ್ಷಣದಲ್ಲಿ ಅಲ್ಲಿ ‘ಪಾಳಿ’ ಎಂಬ ಹೆಸರು ಯಾವ ಆಬ್ಜೆಕ್ಟನ್ನು ತೋರಿಸುತ್ತಿದೆಯೋ ಅದಕ್ಕೆ ‘ಚೀಟಿ’ಯೊಳಗೆ ಇನ್ನೊಂದು ಹೆಸರನ್ನು ಕೊಡುತ್ತದೆ, ಅಷ್ಟೇ. ತಂತ್ರಾಂಶ ಶುರುವಾದಾಗ ಅದು "ಬೆಳಿಗ್ಗೆ" ಎಂಬ ಸ್ಟ್ರಿಂಗ್ ಆಗಿತ್ತು. ಮುಂದೆ ಬೇರೆಲ್ಲೋ ಸ್ಥಿತಿ.ಪಾಳಿ = "ಸಂಜೆ" ಎಂದು ಬರೆದಾಗ ‘ಸ್ಥಿತಿ’ಯೊಳಗಿನ ಹೆಸರು ಹೊಸ ಸ್ಟ್ರಿಂಗ್‌ನತ್ತ ತಿರುಗಿತು. ‘ಚೀಟಿ’ಯೊಳಗಿನ ಹೆಸರು ಹಳೆಯದನ್ನೇ ಹಿಡಿದುಕೊಂಡಿತು. ಅದನ್ನು ತಿರುಗಿಸು ಎಂದು ಯಾರೂ ಹೇಳಲಿಲ್ಲವಲ್ಲ.

ಸದಸ್ಯರ ಪಟ್ಟಿ ಏಕೆ ಸರಿಯಾಗಿತ್ತು? ಅದು ಡಿಕ್ಷನರಿ. ಸದಸ್ಯರು[214] = ... ಎಂದು ಸೇರಿಸಿದಾಗ ಹೆಸರು ಎಲ್ಲಿಗೂ ತಿರುಗಲಿಲ್ಲ; ಎರಡೂ ಹೆಸರುಗಳು ತೋರಿಸುತ್ತಿದ್ದ ಒಂದೇ ಆಬ್ಜೆಕ್ಟ್‌ನ ಒಳಗೆ ಬದಲಾವಣೆಯಾಯಿತು. ನಾಳೆ ಯಾರಾದರೂ ‘ಪಟ್ಟಿಯನ್ನು ಪುನಃ ಓದು’ ಎಂಬ ಬಟನ್ ಸೇರಿಸಿ ಸ್ಥಿತಿ.ಸದಸ್ಯರು = ಹೊಸ_ಪಟ್ಟಿ ಎಂದು ಬರೆದರೆ ಅಂದಿನಿಂದ ಸದಸ್ಯರ ಪಟ್ಟಿಗೂ ಇದೇ ಗತಿ. ಈಗ ಅದು ಕೆಲಸ ಮಾಡುತ್ತಿರುವುದು ಆಕಸ್ಮಿಕ.

ತಕ್ಷಣದ ಪರಿಹಾರವೆಂದರೆ ಮಾಡ್ಯೂಲನ್ನೇ ಇಂಪೋರ್ಟ್ ಮಾಡಿ, ಬೇಕಾದಾಗಲೆಲ್ಲ ಚುಕ್ಕಿ ಹಾಕಿ ಕೇಳುವುದು:

ಇಂಪೋರ್ಟ್ ಸ್ಥಿತಿ
ಪ್ರಿಂಟ್(ಸ್ಥಿತಿ.ಪಾಳಿ)

ಹೀಗೆ ಬರೆದರೆ ಪ್ರತಿ ಸಲವೂ ‘ಸ್ಥಿತಿ’ಯೊಳಗೆ ಹೋಗಿ ಈಗಿನ ಮೌಲ್ಯವನ್ನು ನೋಡುತ್ತದೆ. ಇದೇ ತಪ್ಪಿನ ಇನ್ನೊಂದು ರೂಪ ಹೆಚ್ಚು ಅಡಗಿಕೊಂಡಿರುತ್ತದೆ, ಅದನ್ನೂ ಹುಡುಕಿ: ಡೆಫ್ ಮುದ್ರಿಸು(ನಮೂದು, ಪಾಳಿ=ಸ್ಥಿತಿ.ಪಾಳಿ). ಇಲ್ಲಿ ಚುಕ್ಕಿ ಇದೆ, ಮಾಡ್ಯೂಲ್ ಇಂಪೋರ್ಟ್ ಕೂಡ ಸರಿಯಾಗಿದೆ, ಆದರೂ ಸಂಜೆ ‘ಬೆಳಿಗ್ಗೆ’ ಎಂದೇ ಬರುತ್ತದೆ. ಪೈಥಾನ್ ಡಿಫಾಲ್ಟ್ ಮೌಲ್ಯವನ್ನು ಲೆಕ್ಕ ಹಾಕುವುದು ಫಂಕ್ಷನ್ ರಚನೆಯಾಗುವಾಗ ಒಮ್ಮೆ ಮಾತ್ರ, ಕರೆದಾಗಲೆಲ್ಲ ಅಲ್ಲ. ಹಾಗೆಯೇ ‘ಗ್ಲೋಬಲ್’ ಎಂಬ ಪದದ ಬಗ್ಗೆಯೂ ಎಚ್ಚರವಿರಲಿ. ಅದು ಇಡೀ ಪ್ರೋಗ್ರಾಂಗೆ ಗ್ಲೋಬಲ್ ಅಲ್ಲ. ಆ ಫಂಕ್ಷನ್ ಇರುವ ಮಾಡ್ಯೂಲ್‌ನ ಮಟ್ಟಕ್ಕಷ್ಟೇ ಅದರ ವ್ಯಾಪ್ತಿ. ‘ಚೀಟಿ’ಯೊಳಗೆ ಗ್ಲೋಬಲ್ ಪಾಳಿ ಎಂದು ಬರೆದು ಬದಲಾಯಿಸಿದರೆ ಬದಲಾಗುವುದು ‘ಚೀಟಿ’ಯ ಪಾಳಿ ಮಾತ್ರ.

ಇನ್ನು ಎರಡು ಪ್ರತಿಗಳ ಕಥೆ. ಒಂದು ಮಾಡ್ಯೂಲನ್ನು ಎಷ್ಟು ಕಡೆ ಇಂಪೋರ್ಟ್ ಮಾಡಿದರೂ ಪೈಥಾನ್ ಅದನ್ನು ಒಮ್ಮೆ ಮಾತ್ರ ನಡೆಸಿ, ‘ಸಿಸ್.ಮಾಡ್ಯೂಲ್ಸ್’ ಎಂಬ ಡಿಕ್ಷನರಿಯಲ್ಲಿ ಹೆಸರಿನ ಸಮೇತ ಇಟ್ಟುಕೊಳ್ಳುತ್ತದೆ. ಎರಡನೆಯ ಸಲ ಕೇಳಿದವರಿಗೆ ಅಲ್ಲಿರುವುದನ್ನೇ ಕೊಡುತ್ತದೆ. ಹುಡುಕುವುದು ಹೆಸರಿನಿಂದ ಎಂಬುದೇ ಇಲ್ಲಿನ ಗುಟ್ಟು. ನೀವು ನೇರವಾಗಿ ಚಾಲನೆ ಮಾಡಿದ ಕಡತಕ್ಕೆ ಪೈಥಾನ್ ಕೊಡುವ ಹೆಸರು ‘ಮುಖ್ಯ’ ಅಲ್ಲ, ‘__ಮೇನ್__’. ಆಮೇಲೆ ‘ಚೀಟಿ’ ಬಂದು ಇಂಪೋರ್ಟ್ ಮುಖ್ಯ ಎಂದಾಗ ಆ ಹೆಸರಿನಲ್ಲಿ ಯಾವುದೂ ಇಲ್ಲವೆಂದು ಅದೇ ಕಡತವನ್ನು ಮತ್ತೆ ಮೊದಲಿನಿಂದ ನಡೆಸುತ್ತದೆ. ಈಗ ಒಂದೇ ಕಡತದಿಂದ ಹುಟ್ಟಿದ ಎರಡು ಮಾಡ್ಯೂಲ್‌ಗಳಿವೆ, ಎರಡಕ್ಕೂ ಪ್ರತ್ಯೇಕ ‘ಪಾಳಿ’ ಇದೆ. ನೀವು ಒಂದನ್ನು ಬದಲಾಯಿಸುತ್ತೀರಿ, ಚೀಟಿ ಇನ್ನೊಂದನ್ನು ಓದುತ್ತದೆ. ಒಂದೇ ಕಡತವನ್ನು ಒಂದು ಕಡೆ ‘ಡೈರಿ.ಸ್ಥಿತಿ’ ಎಂದೂ ಇನ್ನೊಂದು ಕಡೆ ಬರೀ ‘ಸ್ಥಿತಿ’ ಎಂದೂ ಇಂಪೋರ್ಟ್ ಮಾಡಿದರೂ ಹೀಗೆಯೇ ಆಗುತ್ತದೆ. ಅನುಮಾನ ಬಂದರೆ ಎರಡೂ ಕಡೆ ಐಡಿ(ಸ್ಥಿತಿ) ಎಂದು ಮುದ್ರಿಸಿ ನೋಡಿ. ಸಂಖ್ಯೆಗಳು ಬೇರೆಯಾದರೆ ಆಬ್ಜೆಕ್ಟ್‌ಗಳೂ ಬೇರೆ. ಚಾಲನೆ ಮಾಡುವ ಕಡತವನ್ನು ಬೇರೆ ಯಾವ ಮಾಡ್ಯೂಲೂ ಇಂಪೋರ್ಟ್ ಮಾಡಬಾರದು ಎಂಬ ನಿಯಮ ಹಾಕಿಕೊಂಡರೆ ಈ ತೊಂದರೆ ಮತ್ತೆ ಬರುವುದಿಲ್ಲ.

ಇಷ್ಟಕ್ಕೆ ನಿಮ್ಮ ಚೀಟಿ ಸರಿಹೋಗುತ್ತದೆ. ಈಗ ನಿಜವಾದ ವಿಷಯಕ್ಕೆ ಬರೋಣ.

‘ಎಲ್ಲ ಮಾಡ್ಯೂಲ್‌ಗಳಿಗೂ ಇದು ಕಾಣಬೇಕು, ಎಲ್ಲಿಡಲಿ?’ ಎಂದು ನೀವು ಕೇಳುತ್ತಿದ್ದೀರಿ. ನಾನಾದರೆ ‘ಇದನ್ನು ಬದಲಾಯಿಸುವ ಹಕ್ಕು ಯಾರಿಗಿದೆ?’ ಎಂದು ಕೇಳುತ್ತೇನೆ. ‘ಸ್ಥಿತಿ’ ಎಂಬ ಬಯಲಲ್ಲಿ ಇಟ್ಟದ್ದನ್ನು ಐದು ಮಾಡ್ಯೂಲ್‌ಗಳೂ ಓದಬಹುದು, ಐದೂ ಬರೆಯಬಹುದು. ಸಂಜೆ ಏಳಕ್ಕೆ ‘ಒಟ್ಟು’ ತಪ್ಪಾಗಿ ಕಂಡರೆ ಐದು ಕಡತಗಳ ಪ್ರತಿಯೊಂದು ಸಾಲೂ ಆರೋಪಿ. ಓದುವವರು ಎಷ್ಟಿದ್ದರೂ ತೊಂದರೆಯಿಲ್ಲ. ಬರೆಯುವವರು ಒಬ್ಬರಿಗಿಂತ ಹೆಚ್ಚಾದಾಗ ಕಷ್ಟ ಶುರುವಾಗುತ್ತದೆ.

ಹಾಗಾಗಿ ‘ಸ್ಥಿತಿ’ ಕಡತವನ್ನು ತೆರೆದು ಅದರಲ್ಲಿರುವ ಪ್ರತಿ ಹೆಸರನ್ನೂ ಒಂದೊಂದಾಗಿ ನೋಡಿ. ಇವೆಲ್ಲವನ್ನೂ ‘ಸ್ಥಿತಿ’ ಎಂದು ಒಟ್ಟಿಗೆ ಕಟ್ಟಿದ್ದೀರಿ, ಆದರೆ ಇವು ಒಂದೇ ಜಾತಿಯವಲ್ಲ.

ಸಂಘದ ಹೆಸರು, ಪ್ರಿಂಟರ್ ಯಾವ ಪೋರ್ಟ್‌ನಲ್ಲಿದೆ, ಡೇಟಾಬೇಸ್ ಕಡತ ಎಲ್ಲಿದೆ ಇಂಥವು ಹೊಂದಿಕೆಗಳು. ಶುರುವಿನಲ್ಲಿ ಒಮ್ಮೆ ಓದಿದರೆ ಮುಗಿಯಿತು, ಆಮೇಲೆ ಬದಲಾಗುವುದಿಲ್ಲ. ಬದಲಾಗದ್ದನ್ನು ಎಷ್ಟು ಜನ ಹಂಚಿಕೊಂಡರೂ ಅಪಾಯವಿಲ್ಲ. ಪೈಥಾನ್ 3.7ರಿಂದ ಬಂದಿರುವ ಡೇಟಾಕ್ಲಾಸನ್ನು ‘ಫ್ರೋಜನ್’ ಎಂದು ಘೋಷಿಸಿ ಇವನ್ನು ಅದರೊಳಗಿಡಿ. ಯಾರಾದರೂ ಬದಲಾಯಿಸಲು ಹೋದರೆ ಅಲ್ಲೇ ದೋಷ ಬರುತ್ತದೆ. ಒಂದು ಮಾತು ನೆನಪಿರಲಿ: ಫ್ರೋಜನ್ ಆಗುವುದು ಹೊರಗಿನ ಪದರ ಮಾತ್ರ. ಒಳಗೆ ಲಿಸ್ಟ್ ಇಟ್ಟರೆ ಅದಕ್ಕೆ ಹೊಸದನ್ನು ಸೇರಿಸಲು ಯಾರೂ ತಡೆಯುವುದಿಲ್ಲ, ಬದಲಾಯಿಸಲಾಗದ ಟ್ಯೂಪಲ್ ಇಡಿ.

‘ಒಟ್ಟು ಲೀಟರ್’ ನಿಜಕ್ಕೂ ಸ್ಥಿತಿಯೇ ಅಲ್ಲ. ಅದು ಲೆಕ್ಕದ ಫಲ. ತೂಕದ ಮಾಡ್ಯೂಲ್ ಪ್ರತಿ ಕ್ಯಾನಿಗೂ ಸ್ಥಿತಿ.ಒಟ್ಟು += ಲೀಟರ್ ಎಂದು ಕೂಡುತ್ತದೆ ಎಂದಿಟ್ಟುಕೊಳ್ಳಿ. ಕಾರ್ಯದರ್ಶಿ 6.4 ಲೀಟರ್ ಎಂದು ಬರೆಯಬೇಕಾದದ್ದನ್ನು 64 ಎಂದು ಬರೆದು, ಚೀಟಿ ರದ್ದು ಮಾಡಿ, ಮತ್ತೆ ಬರೆಯುತ್ತಾರೆ. ರದ್ದು ಮಾಡುವ ಕೋಡ್ ಇರುವುದು ‘ಚೀಟಿ’ಯಲ್ಲಿ, ಅದನ್ನು ಬರೆದಾಗ ‘ಒಟ್ಟು’ ಎಂಬುದೊಂದಿದೆ, ಅದರಿಂದ ಕಳೆಯಬೇಕು ಎಂದು ನೆನಪಾಗಿರಬೇಕಲ್ಲ. ನೆನಪಾಗದಿದ್ದರೆ ಸಂಘದ ಲೆಕ್ಕದಲ್ಲಿ 64 ಲೀಟರ್ ಹೆಚ್ಚು, ಟ್ಯಾಂಕರ್‌ಗೆ ತುಂಬಿದಾಗ ಅಷ್ಟು ಹಾಲಿಲ್ಲ. ಈ ವ್ಯತ್ಯಾಸವನ್ನು ರಾತ್ರಿ ಕುಳಿತು ಹುಡುಕುವವರ ಪಾಡನ್ನು ಯೋಚಿಸಿ. ‘ಒಟ್ಟು’ ಎಂಬುದನ್ನು ಎಲ್ಲೂ ಇಟ್ಟುಕೊಳ್ಳಬೇಡಿ. ಬೇಕಾದಾಗ ಆ ಪಾಳಿಯ ರದ್ದಾಗದ ನಮೂದುಗಳನ್ನು ಕೂಡಿ ಹೇಳಿ. ಒಂದು ಪಾಳಿಯಲ್ಲಿ ಕೆಲವು ನೂರು ನಮೂದುಗಳಿದ್ದರೂ ಕಂಪ್ಯೂಟರ್‌ಗೆ ಅದು ಕೆಲಸವೇ ಅಲ್ಲ. ಇರುವ ಮಾಹಿತಿಯಿಂದ ಲೆಕ್ಕ ಹಾಕಬಹುದಾದದ್ದನ್ನು ಪ್ರತ್ಯೇಕವಾಗಿ ಇಟ್ಟುಕೊಂಡರೆ, ಎರಡನ್ನೂ ಸದಾ ಹೊಂದಿಸುತ್ತಿರುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

‘ದರ’ದ ವಿಷಯ ಇನ್ನೂ ಸೂಕ್ಷ್ಮ. ಲೀಟರ್‌ಗೆ ಎಷ್ಟು ಎಂಬುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರಪಟ್ಟಿಯಿಂದ ತೀರ್ಮಾನವಾಗುತ್ತದೆ. ಒಕ್ಕೂಟ ದರ ಪರಿಷ್ಕರಿಸಿದಾಗ ಪಟ್ಟಿಯೇ ಬದಲಾಗುತ್ತದೆ. ನಿಮ್ಮ ‘ವರದಿ’ ಮಾಡ್ಯೂಲ್ ಕಳೆದ ವಾರದ ಲೆಕ್ಕವನ್ನು ಈಗಿನ ಸ್ಥಿತಿ.ದರದಿಂದ ಗುಣಿಸಿದರೆ, ಪರಿಷ್ಕರಣೆಯಾದ ದಿನ ಹಳೆಯ ವರದಿಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ರೈತರ ಕೈಯಲ್ಲಿರುವ ಚೀಟಿಗೂ ನಿಮ್ಮ ವರದಿಗೂ ತಾಳೆಯಾಗುವುದಿಲ್ಲ. ಕೊಂಡ ಕ್ಷಣದ ದರ ಆ ನಮೂದಿನ ಭಾಗ. ನಮೂದಿನ ಜೊತೆಗೇ ಅದನ್ನು ಬರೆದಿಡಬೇಕು, ಮೊತ್ತವನ್ನೂ ಸೇರಿಸಿ. ಮೊತ್ತ ಲೆಕ್ಕದ ಫಲವಲ್ಲವೇ ಎಂದು ನೀವು ಕೇಳಬಹುದು. ಅದು ಚೀಟಿಯಲ್ಲಿ ಮುದ್ರಿಸಿ ಒಬ್ಬರಿಗೆ ಕೊಟ್ಟ ಮಾತು, ಪೈಸೆಯನ್ನು ದುಂಡಾಗಿಸಿದ ಲೆಕ್ಕದ ಸಮೇತ. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಉಳಿಸಬೇಕು. ಗ್ಲೋಬಲ್ ವೇರಿಯೇಬಲ್‌ಗಳ ಬಗ್ಗೆ ಶುರುವಾದ ಎಷ್ಟೋ ಚರ್ಚೆಗಳು ಹೀಗೆ ‘ಈ ಮಾಹಿತಿ ನಿಜವಾಗಿ ಯಾವುದಕ್ಕೆ ಸೇರಿದ್ದು?’ ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ಉಳಿದದ್ದನ್ನು ವಿಂಗಡಿಸಲು ಒಂದು ಪರೀಕ್ಷೆ ಇದೆ: ಹಾಲು ಹಾಕಿಸಿಕೊಳ್ಳುವ ನಡುವೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಕಂಪ್ಯೂಟರ್ ಮತ್ತೆ ಶುರುವಾದಾಗ ಏನು ಇರಲೇಬೇಕು? ಅದುವರೆಗಿನ ನಮೂದುಗಳು ಇರಬೇಕು, ಸದಸ್ಯರು ಇರಬೇಕು, ಯಾವ ಪಾಳಿ ತೆರೆದಿತ್ತು ಎಂಬುದೂ ತಿಳಿದಿರಬೇಕು. ಇವೆಲ್ಲ ಡೇಟಾಬೇಸ್‌ಗೆ ಸೇರಿದವು. ಪರದೆಯಲ್ಲಿ ಯಾವ ಸದಸ್ಯರ ಸಂಖ್ಯೆ ಅರ್ಧ ಟೈಪ್ ಆಗಿತ್ತು ಎಂಬುದು ಹೋದರೆ ಹೋಗಲಿ, ಅದು ಮೆಮೊರಿಯಲ್ಲಿರಲಿ. ಎಲ್ಲವನ್ನೂ ಡೇಟಾಬೇಸ್‌ಗೆ ಹಾಕು ಎಂದ ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ, ‘ಎಲ್ಲವನ್ನೂ’ ಎಂಬುದನ್ನು ಬಿಟ್ಟು. ನಿಮ್ಮ ಗಾತ್ರದ ಕೆಲಸಕ್ಕೆ ಪೈಥಾನ್ ಜೊತೆಯಲ್ಲೇ ಬರುವ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಸಾಕು. ಆದರೆ ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್ ಸಾಮಾನ್ಯ ಹೊಂದಿಕೆಯಲ್ಲಿ ಬರೆಯುವ ಮುನ್ನ ತಾನೇ ಟ್ರಾನ್ಸಾಕ್ಷನ್ (ಇನ್ನೂ ಕಾಯಂ ಆಗದ ಬದಲಾವಣೆಗಳ ಕಂತೆ) ತೆರೆಯುತ್ತದೆ, ಮುಚ್ಚುವುದು ನಿಮ್ಮ ಕೆಲಸ. ಪ್ರತಿ ನಮೂದಿನ ನಂತರ ಕಮಿಟ್ ಮಾಡಿ (ಬರೆದದ್ದನ್ನು ಕಾಯಂಗೊಳಿಸಿ), ಆಮೇಲೆ ಚೀಟಿ ಮುದ್ರಿಸಿ. ಈ ಕ್ರಮ ತಿರುವುಮುರುವಾದರೆ ಚೀಟಿ ರೈತರ ಕೈಯಲ್ಲಿರುತ್ತದೆ, ನಮೂದು ಎಲ್ಲೂ ಇರುವುದಿಲ್ಲ.

ಇಷ್ಟೆಲ್ಲ ತೆಗೆದ ಮೇಲೆ ನಿಜವಾದ ಹಂಚಿಕೆಯ ಸ್ಥಿತಿ ಎಂದು ಉಳಿಯುವುದು ಬಹಳ ಕಡಿಮೆ: ಈಗ ತೆರೆದಿರುವ ಪಾಳಿ, ಅದರೊಂದಿಗೆ ಏನು ಮಾಡಬಹುದು, ಏನು ಮಾಡಬಾರದು ಎಂಬ ನಿಯಮಗಳು. ಇದಕ್ಕೆ ಒಬ್ಬ ಒಡೆಯನನ್ನು ನೇಮಿಸಿ. ಕೆಳಗಿನ ಕೋಡ್‌ನಲ್ಲಿ ‘ಭಂಡಾರ’ ಎಂದರೆ ಡೇಟಾಬೇಸ್‌ನಿಂದ ಓದುವ, ಅದಕ್ಕೆ ಬರೆಯುವ ಆಬ್ಜೆಕ್ಟ್. ‘ಸಂಗ್ರಹಣೆ’ ಎಂಬ ಹೊಸ ಮಾಡ್ಯೂಲ್‌ನಲ್ಲಿ ಹೀಗೆ:

ಕ್ಲಾಸ್ ಸಂಗ್ರಹಣೆ:
    ಡೆಫ್ __ಇನಿಟ್__(ಸೆಲ್ಫ್, ಭಂಡಾರ, ದರಪಟ್ಟಿ):
        ಸೆಲ್ಫ್._ಭಂಡಾರ = ಭಂಡಾರ
        ಸೆಲ್ಫ್._ದರಪಟ್ಟಿ = ದರಪಟ್ಟಿ
        ಸೆಲ್ಫ್._ಪಾಳಿ = ಭಂಡಾರ.ತೆರೆದ_ಪಾಳಿ()

    ಡೆಫ್ ಪಾಳಿ_ತೆರೆ(ಸೆಲ್ಫ್, ದಿನಾಂಕ, ಹೊತ್ತು):
        ಇಫ್ ಸೆಲ್ಫ್._ಪಾಳಿ ಈಸ್ ನಾಟ್ ನನ್:
            ರೇಸ್ ಪಾಳಿ_ದೋಷ("ಹಿಂದಿನ ಪಾಳಿ ಇನ್ನೂ ಮುಚ್ಚಿಲ್ಲ")
        ಹೊಸತು = ಪಾಳಿ(ದಿನಾಂಕ, ಹೊತ್ತು)
        ಸೆಲ್ಫ್._ಭಂಡಾರ.ಪಾಳಿ_ಬರೆ(ಹೊಸತು)
        ಸೆಲ್ಫ್._ಪಾಳಿ = ಹೊಸತು

    ಡೆಫ್ ಹಾಲು_ಬರೆ(ಸೆಲ್ಫ್, ಸದಸ್ಯ, ಲೀಟರ್, ಫ್ಯಾಟ್, ಘನಾಂಶ):
        ಇಫ್ ಸೆಲ್ಫ್._ಪಾಳಿ ಈಸ್ ನನ್:
            ರೇಸ್ ಪಾಳಿ_ದೋಷ("ಪಾಳಿ ತೆರೆದಿಲ್ಲ")
        ದರ = ಸೆಲ್ಫ್._ದರಪಟ್ಟಿ.ದರ(ಫ್ಯಾಟ್, ಘನಾಂಶ)
        ಹಾಲು = ನಮೂದು(ಸೆಲ್ಫ್._ಪಾಳಿ, ಸದಸ್ಯ, ಲೀಟರ್, ಫ್ಯಾಟ್, ಘನಾಂಶ, ದರ)
        ಸೆಲ್ಫ್._ಭಂಡಾರ.ನಮೂದು_ಬರೆ(ಹಾಲು)
        ರಿಟರ್ನ್ ಹಾಲು

ಇಲ್ಲಿ ಒಂದೆರಡು ಕಡೆ ನಿಂತು ನೋಡಿ. ‘ಪಾಳಿ_ತೆರೆ’ಯಲ್ಲಿ ಮೊದಲು ಭಂಡಾರಕ್ಕೆ ಬರೆದು ಆಮೇಲೆ ಮೆಮೊರಿಯಲ್ಲಿ ಬದಲಾಯಿಸಿದೆ. ಡಿಸ್ಕ್ ತುಂಬಿ ಬರೆಯುವುದು ವಿಫಲವಾದರೆ ಮೆಮೊರಿಯಲ್ಲಿರುವ ಪಾಳಿಯೂ ಹಳೆಯದಾಗಿಯೇ ಉಳಿಯುತ್ತದೆ, ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ. ಮುಖ್ಯವಾಗಿ, ಸಂಜೆಯ ಪಾಳಿಯನ್ನು ತೆರೆಯಲು ಈಗ ಒಂದೇ ದಾರಿ ಇದೆ. ಮೊದಲಾದರೆ ಬೆಳಗಿನ ಪಾಳಿ ಮುಚ್ಚದೆಯೇ ಯಾವ ಮಾಡ್ಯೂಲ್ ಬೇಕಾದರೂ ಸ್ಥಿತಿ.ಪಾಳಿ = "ಸಂಜೆ" ಎಂದು ಬರೆದು ಮುಂದೆ ಹೋಗಬಹುದಿತ್ತು. ಈಗ ನಿಯಮ ಮತ್ತು ಮಾಹಿತಿ ಒಂದೇ ಮನೆಯಲ್ಲಿವೆ. ಹೆಸರಿನ ಮುಂದಿನ ಅಡಿಗೆರೆ ‘ಹೊರಗಿನವರು ಮುಟ್ಟಬೇಡಿ’ ಎಂಬ ಸಂಪ್ರದಾಯದ ಸೂಚನೆ. ಪೈಥಾನ್ ಅದನ್ನು ಬಲವಂತವಾಗಿ ಜಾರಿ ಮಾಡುವುದಿಲ್ಲ, ನಿಮ್ಮ ತಂಡ ಜಾರಿ ಮಾಡಬೇಕು.

ಈ ಆಬ್ಜೆಕ್ಟ್ ಎಲ್ಲರಿಗೂ ಸಿಗುವುದು ಹೇಗೆ? ಇಂಪೋರ್ಟ್‌ನಿಂದಲ್ಲ. ‘ಮುಖ್ಯ’ ಅದನ್ನು ಕಟ್ಟಿ ಬೇಕಾದವರ ಕೈಗೆ ಕೊಡುತ್ತದೆ:

ಡೆಫ್ ಶುರು():
    ಹೊಂದಿಕೆ = ಹೊಂದಿಕೆ_ಓದು()
    ಭಂಡಾರ = ಭಂಡಾರ_ತೆರೆ(ಹೊಂದಿಕೆ.ಕಡತ)
    ದರಗಳು = ದರಪಟ್ಟಿ.ಓದು(ಭಂಡಾರ)
    ಸಂಗ್ರಹ = ಸಂಗ್ರಹಣೆ(ಭಂಡಾರ, ದರಗಳು)
    ಮುದ್ರಕ = ಚೀಟಿ.ಮುದ್ರಕ(ಹೊಂದಿಕೆ.ಪ್ರಿಂಟರ್)
    ಪರದೆ = ಪರದೆ_ಕಟ್ಟು(ಸಂಗ್ರಹ, ಮುದ್ರಕ)
    ಪರದೆ.ನಡೆಸು()

ಈ ಏಳು ಸಾಲುಗಳನ್ನು ಓದಿದರೆ ಯಾರು ಯಾರನ್ನು ಅವಲಂಬಿಸಿದ್ದಾರೆ ಎಂಬ ಇಡೀ ಚಿತ್ರ ಕಣ್ಣ ಮುಂದಿರುತ್ತದೆ. ‘ಚೀಟಿ’ ಈಗ ‘ಮುಖ್ಯ’ವನ್ನೂ ಇಂಪೋರ್ಟ್ ಮಾಡುವುದಿಲ್ಲ, ‘ಸಂಗ್ರಹಣೆ’ಯನ್ನೂ ಮಾಡುವುದಿಲ್ಲ. ಹಾಗಾಗಿ ಎರಡು ಪ್ರತಿಗಳ ಸಮಸ್ಯೆಯೂ ಇಲ್ಲ, ‘ಅರೆಬರೆ ಸಿದ್ಧವಾದ ಮಾಡ್ಯೂಲ್’ ಎಂದು ಪೈಥಾನ್ ದೂರುವ, ಮಾಡ್ಯೂಲ್‌ಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಳ್ಳುವ ಸುತ್ತು ಇಂಪೋರ್ಟ್‌ನ ಸಮಸ್ಯೆಯೂ ಇಲ್ಲ. ಫಂಕ್ಷನ್ ಒಳಗೆ ಇಂಪೋರ್ಟ್ ಬರೆದು ಸುತ್ತನ್ನು ತಪ್ಪಿಸಿಕೊಳ್ಳುವ ಉಪಾಯವನ್ನು ನೀವು ಕೇಳಿರಬಹುದು. ತುರ್ತಿಗೆ ಅದು ನಡೆಯುತ್ತದೆ, ಆದರೆ ಎರಡು ಮಾಡ್ಯೂಲ್‌ಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಸತ್ಯವನ್ನು ಮುಚ್ಚಿಡುತ್ತದೆ.

ಇನ್ನೊಂದು ಲಾಭ ಪರೀಕ್ಷೆಯದು. ಸಂಜೆಯ ಚೀಟಿ ಸರಿಯಾಗಿ ಬರುತ್ತದೆಯೇ ಎಂದು ನೋಡಲು ಈಗ ತೂಕದ ಯಂತ್ರವೂ ಬೇಡ, ಸಂಜೆಯಾಗುವುದೂ ಬೇಡ. ಮೆಮೊರಿಯಲ್ಲೇ ಇರುವ ಒಂದು ಎಸ್‌ಕ್ಯೂಲೈಟ್ ಭಂಡಾರ ಕಟ್ಟಿ, ಒಂದು ಸಂಗ್ರಹಣೆ ಸೃಷ್ಟಿಸಿ, ಸಂಜೆಯ ಪಾಳಿ ತೆರೆದು, ಒಂದು ನಮೂದು ಬರೆದು, ಚೀಟಿಯ ಪಠ್ಯ ನೋಡಿದರೆ ಆಯಿತು. ಮುಂದಿನ ಪರೀಕ್ಷೆಗೆ ಹೊಸ ಸಂಗ್ರಹಣೆ. ಗ್ಲೋಬಲ್ ಮಾಡ್ಯೂಲ್ ಇದ್ದಾಗ ಒಂದು ಪರೀಕ್ಷೆ ಬಿಟ್ಟುಹೋದ ಪಾಳಿ ಮುಂದಿನ ಪರೀಕ್ಷೆಗೆ ಅಂಟಿಕೊಳ್ಳುತ್ತದೆ; ಒಂದೊಂದಾಗಿ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್.

ಆಕ್ಷೇಪಣೆ ಬರುತ್ತದೆ: ಹೀಗೆ ಕೈಯಿಂದ ಕೈಗೆ ಕೊಡುತ್ತ ಹೋದರೆ ಪ್ರತಿ ಫಂಕ್ಷನ್‌ಗೂ ಹತ್ತು ಆರ್ಗ್ಯುಮೆಂಟ್ ಆಗುವುದಿಲ್ಲವೇ? ಇದು ನ್ಯಾಯವಾದ ಆಕ್ಷೇಪಣೆ. ಆಬ್ಜೆಕ್ಟ್ ಕಟ್ಟುವಾಗ ಒಮ್ಮೆ ಕೊಟ್ಟರೆ ಅದರೊಳಗಿನ ಫಂಕ್ಷನ್‌ಗಳಿಗೆಲ್ಲ ಸಿಗುತ್ತದೆ, ಹಾಗಾಗಿ ಅರ್ಧ ಹೊರೆ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ನನ್ನ ಉತ್ತರ: ಯಾರಿಗೆ ಎಷ್ಟು ಬೇಕೋ ಅಷ್ಟನ್ನೇ ಕೊಡಿ. ಚೀಟಿ ಮುದ್ರಿಸುವ ಫಂಕ್ಷನ್‌ಗೆ ಸಂಗ್ರಹಣೆ ಬೇಕಿಲ್ಲ, ಒಂದು ನಮೂದು ಸಾಕು. ಪಾಳಿ ಯಾವುದು ಎಂಬುದು ನಮೂದಿನೊಳಗೇ ಇದೆ. ನೀವು ಶುರುವಿನಲ್ಲಿ ಕೇಳಿದ ಸಮಸ್ಯೆಯನ್ನು ಈಗ ನೋಡಿ: ಚೀಟಿಗೆ ‘ಈಗಿನ ಪಾಳಿ’ ಬೇಕಾಗಿಯೇ ಇರಲಿಲ್ಲ! ಅದಕ್ಕೆ ಬೇಕಿದ್ದದ್ದು ‘ಈ ಹಾಲು ಬಂದ ಪಾಳಿ’. ಬೆಳಗಿನ ಚೀಟಿ ಕಳೆದುಹೋಯಿತು, ಮತ್ತೊಮ್ಮೆ ಮುದ್ರಿಸಿಕೊಡಿ ಎಂದು ರೈತರು ಸಂಜೆ ಬಂದು ಕೇಳಿದರೆ ನಿಮ್ಮ ಹಳೆಯ ಕೋಡ್, ಇಂಪೋರ್ಟ್ ಸರಿಪಡಿಸಿದ ಮೇಲೂ, ‘ಸಂಜೆ’ ಎಂದು ಮುದ್ರಿಸುತ್ತಿತ್ತು. ಹಂಚಿಕೆಯ ಸ್ಥಿತಿಯನ್ನು ಓದುವ ಎಷ್ಟೋ ಫಂಕ್ಷನ್‌ಗಳು ಹೀಗೆ, ತಮಗೆ ಬೇಕಾದ ಮಾಹಿತಿ ಕೈಯಲ್ಲೇ ಇರುವಾಗ ಊರೆಲ್ಲ ಹುಡುಕುತ್ತಿರುತ್ತವೆ.

ಹತ್ತು ಆರ್ಗ್ಯುಮೆಂಟ್ ತಪ್ಪಿಸಲು ಎಲ್ಲವನ್ನೂ ತುಂಬಿದ ‘ಸಂದರ್ಭ’ ಎಂಬ ಒಂದು ದೊಡ್ಡ ಆಬ್ಜೆಕ್ಟ್ ಮಾಡಿ ಎಲ್ಲರಿಗೂ ಕೊಡುವ ರೂಢಿಯೂ ಇದೆ. ಅದು ನೀವು ಬಿಟ್ಟುಬಂದ ‘ಸ್ಥಿತಿ’ ಕಡತವೇ, ವೇಷ ಬದಲಿಸಿಕೊಂಡು ಬಂದದ್ದು.

ಸಿಂಗಲ್‌ಟನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪೈಥಾನ್‌ನಲ್ಲಿ ಮಾಡ್ಯೂಲ್ ಆಗಲೇ ಪ್ರಕ್ರಿಯೆಗೆ ಒಂದೇ ಇರುವ ವಸ್ತು. ಅದರ ಮೇಲೆ ಇನ್ನೊಂದು ಕ್ಲಾಸ್ ಹೊದಿಸಿದರೆ ಗ್ಲೋಬಲ್‌ನ ದೋಷಗಳೆಲ್ಲ ಹಾಗೇ ಉಳಿದು ಕೋಡ್ ಮಾತ್ರ ಉದ್ದವಾಗುತ್ತದೆ. ನಿಮಗೆ ಒಂದೇ ಸಂಗ್ರಹಣೆ ಬೇಕಿದ್ದರೆ ‘ಶುರು’ವಿನಲ್ಲಿ ಒಂದನ್ನೇ ಕಟ್ಟಿ.

ಮಾಡ್ಯೂಲ್‌ಗಳನ್ನು ಒಡೆದ ರೀತಿಯ ಬಗ್ಗೆಯೂ ಒಂದು ಮಾತು. 1972ರಲ್ಲಿ ಗಣಕ ವಿಜ್ಞಾನಿ ಡೇವಿಡ್ ಪಾರ್ನಾಸ್ ಒಂದು ಪ್ರಬಂಧದಲ್ಲಿ, ಪ್ರೋಗ್ರಾಂ ನಡೆಯುವ ಹಂತಗಳನ್ನು ಅನುಸರಿಸಿ ಮಾಡ್ಯೂಲ್‌ಗಳನ್ನು ಒಡೆಯುವುದು ಬಹುತೇಕ ಸಂದರ್ಭಗಳಲ್ಲಿ ತಪ್ಪು ಎಂದು ವಾದಿಸಿದರು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಮಾಡ್ಯೂಲ್ ತನ್ನೊಳಗೆ ಅಡಗಿಸಿಕೊಳ್ಳಬೇಕು ಎಂಬುದು ಅವರ ನಿಲುವು. ಹಂತಗಳ ಪ್ರಕಾರ ಒಡೆದಾಗ ಪ್ರತಿ ಹಂತಕ್ಕೂ ಹಿಂದಿನ ಹಂತದ ಮಾಹಿತಿ ಬೇಕಾಗುತ್ತದೆ, ಆಗ ಎಲ್ಲರೂ ಕೈಹಾಕುವ ಒಂದು ಸಾಮಾನ್ಯ ಜಾಗ ಹುಟ್ಟಿಕೊಳ್ಳುತ್ತದೆ. ನಿಮ್ಮ ತೂಕ, ದರ, ಚೀಟಿ, ವರದಿ ಕೂಡ ಹಂತಗಳೇ. ‘ದರಪಟ್ಟಿ’ ಮಾತ್ರ ಪಾರ್ನಾಸ್ ಒಪ್ಪುವಂಥದ್ದು: ಫ್ಯಾಟ್ ಮತ್ತು ಎಸ್‌ಎನ್‌ಎಫ್‌ನಿಂದ ದರ ಹೇಗೆ ಹುಟ್ಟುತ್ತದೆ ಎಂಬುದು ಅದೊಂದಕ್ಕೇ ಗೊತ್ತಿರಲಿ, ನಾಳೆ ಲೆಕ್ಕದ ವಿಧಾನವೇ ಬದಲಾದರೂ ಉಳಿದ ಕಡತಗಳನ್ನು ತೆರೆಯಬೇಕಾಗುವುದಿಲ್ಲ. ‘ತೂಕ’ವನ್ನೂ ಹೀಗೆ ಮಾಡಬಹುದು. ಯಾವ ಕಂಪನಿಯ ಯಂತ್ರ, ಸೀರಿಯಲ್ ಪೋರ್ಟ್‌ನಲ್ಲಿ ಅದು ಯಾವ ರೂಪದಲ್ಲಿ ಅಂಕಿ ಕಳಿಸುತ್ತದೆ ಎಂಬುದು ಅದರ ಗುಟ್ಟಾಗಿರಲಿ, ಹೊರಗೆ ಬರುವುದು ಲೀಟರ್ ಮಾತ್ರ.

ತೂಕದ ಯಂತ್ರದ ಮಾತು ಬಂದದ್ದರಿಂದ ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ನಡೆಯುವ ಇನ್ನೊಂದು ಓಟ) ಬಗ್ಗೆ ಹೇಳಲೇಬೇಕು. ಸೀರಿಯಲ್ ಪೋರ್ಟನ್ನು ಕಾಯುತ್ತ ಕುಳಿತರೆ ಪರದೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಅದನ್ನು ಬೇರೆ ಥ್ರೆಡ್‌ಗೆ ಹಾಕುವಿರಿ. ಆಗ ಆ ಥ್ರೆಡ್ ನೇರವಾಗಿ ಹಂಚಿಕೆಯ ಸ್ಥಿತಿಯನ್ನು ಬದಲಾಯಿಸಲು ಬಿಡಬೇಡಿ. ಪೈಥಾನ್‌ನಲ್ಲಿ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ನಡೆಸುವಂತೆ ಮಾಡುವ ಬೀಗ) ಇದೆ, ಆದ್ದರಿಂದ ಚಿಂತೆಯಿಲ್ಲ ಎನ್ನುವವರಿದ್ದಾರೆ. ಆ ಭರವಸೆ ಸಾಲದು. ಒಟ್ಟು += 1 ಎಂಬುದು ಓದು, ಕೂಡು, ಬರೆ ಎಂಬ ಬೇರೆ ಬೇರೆ ಹೆಜ್ಜೆಗಳು; ನಡುವೆ ಇನ್ನೊಂದು ಥ್ರೆಡ್ ನುಸುಳಿದರೆ ಒಂದು ಕೂಡಿಕೆ ಕಳೆದುಹೋಗಬಹುದು. ಲಾಕ್ ಹಾಕಬಹುದು, ಆದರೆ ಪ್ರತಿಯೊಬ್ಬರೂ ಪ್ರತಿ ಸಲವೂ ಲಾಕ್ ಹಾಕಬೇಕು, ಒಬ್ಬರು ಮರೆತರೂ ಕೆಟ್ಟಿತು. ಅದಕ್ಕಿಂತ ಕ್ಯೂ (ಮೊದಲು ಬಂದದ್ದನ್ನು ಮೊದಲು ಕೊಡುವ ಸರತಿ) ನನಗೆ ಇಷ್ಟ. ತೂಕದ ಥ್ರೆಡ್ ಅಳೆದ ಅಂಕಿಯನ್ನು ಕ್ಯೂಗೆ ಹಾಕಿ ತನ್ನ ಪಾಡಿಗೆ ಇರುತ್ತದೆ. ಮುಖ್ಯ ಥ್ರೆಡ್ ಅದನ್ನು ತೆಗೆದುಕೊಂಡು ‘ಹಾಲು_ಬರೆ’ಯನ್ನು ಕರೆಯುತ್ತದೆ. ಪರದೆ ಕಟ್ಟಲು ನೀವು ಟಿಕಿಂಟರ್ ಬಳಸುತ್ತಿದ್ದರೆ ‘ಆಫ್ಟರ್’ ಎಂಬ ಮೆಥಡ್ ಮೂಲಕ ನೂರು ಮಿಲಿಸೆಕೆಂಡಿಗೊಮ್ಮೆ ಕ್ಯೂ ನೋಡಿದರೆ ಸಾಕು. ಬರೆಯುವ ಥ್ರೆಡ್ ಒಂದೇ ಇರುವುದರಿಂದ ಲಾಕ್‌ನ ಪ್ರಶ್ನೆಯೇ ಏಳುವುದಿಲ್ಲ. ಎಸ್‌ಕ್ಯೂಲೈಟ್ ಸಂಪರ್ಕವನ್ನು ಅದನ್ನು ತೆರೆದ ಥ್ರೆಡ್‌ನಿಂದಲೇ ಬಳಸಬೇಕೆಂದು ಪೈಥಾನ್ ಡಿಫಾಲ್ಟ್ ಆಗಿ ಪಟ್ಟುಹಿಡಿಯುವುದೂ ಈ ವ್ಯವಸ್ಥೆಗೆ ಸರಿಹೊಂದುತ್ತದೆ.

ಮುಂದೆಂದಾದರೂ ಇದನ್ನು ವೆಬ್ ತಂತ್ರಾಂಶ ಮಾಡುವ ಯೋಚನೆ ಬಂದರೆ ಮಾಡ್ಯೂಲ್ ಮಟ್ಟದ ಬದಲಾಗುವ ವೇರಿಯೇಬಲ್‌ಗಳು ಪೂರ್ತಿ ಕೈಕೊಡುತ್ತವೆ. ಗುನಿಕಾರ್ನ್‌ನಂಥ ಸರ್ವರ್ ಹಲವು ಪ್ರಕ್ರಿಯೆಗಳನ್ನು ನಡೆಸುತ್ತದೆ, ಪ್ರತಿಯೊಂದರ ಮೆಮೊರಿಯೂ ಪ್ರತ್ಯೇಕ. ಒಂದು ಪ್ರಕ್ರಿಯೆಯಲ್ಲಿ ಪಾಳಿ ಬದಲಾಯಿಸಿದರೆ ಪಕ್ಕದ್ದಕ್ಕೆ ಸುದ್ದಿಯೇ ಇಲ್ಲ. ಪುಟವನ್ನು ರಿಫ್ರೆಶ್ ಮಾಡಿದಂತೆಲ್ಲ ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ. ಅಲ್ಲಿ ಸತ್ಯ ಇರಬೇಕಾದದ್ದು ಡೇಟಾಬೇಸ್‌ನಲ್ಲಿ ಮಾತ್ರ. ನಮ್ಮ ಸಂಗ್ರಹಣೆ ಪಾಳಿಯನ್ನು ಮೆಮೊರಿಯಲ್ಲಿ ಹಿಡಿದುಕೊಳ್ಳುವುದನ್ನು ಬಿಟ್ಟು ಪ್ರತಿ ಸಲ ಭಂಡಾರವನ್ನೇ ಕೇಳಬೇಕಾಗುತ್ತದೆ. ಬದಲಾಯಿಸಬೇಕಾದ ಕಡತ ಅದೊಂದೇ. ಲಾಗಿನ್ ಆದವರು ಯಾರು ಎಂಬಂಥ, ಒಂದು ಕೋರಿಕೆಗೆ ಸೀಮಿತವಾದ ಮಾಹಿತಿಯನ್ನು ಮಾಡ್ಯೂಲ್ ವೇರಿಯೇಬಲ್‌ನಲ್ಲಿ ಇಟ್ಟರೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವ ಅಪಾಯವಿದೆ. ಅದಕ್ಕೆಂದೇ ಪೈಥಾನ್ 3.7ರಿಂದ ‘ಕಾಂಟೆಕ್ಸ್ಟ್‌ವಾರ್ಸ್’ ಮಾಡ್ಯೂಲ್ ಇದೆ, ವೆಬ್ ಚೌಕಟ್ಟುಗಳೂ ತಮ್ಮದೇ ವ್ಯವಸ್ಥೆ ಕೊಡುತ್ತವೆ.

ಈಗಿರುವ ಕೋಡನ್ನು ಒಂದೇ ರಾತ್ರಿಯಲ್ಲಿ ಕೆಡವಿ ಕಟ್ಟಬೇಡಿ. ಬೆಳಿಗ್ಗೆ ಹಾಲು ಬರುವುದು ನಿಲ್ಲುವುದಿಲ್ಲ. ಮೊದಲು ‘ಫ್ರಮ್ ಸ್ಥಿತಿ’ ಎಂಬ ಸಾಲುಗಳನ್ನೆಲ್ಲ ಹುಡುಕಿ ‘ಇಂಪೋರ್ಟ್ ಸ್ಥಿತಿ’ ಮಾಡಿ. ಚೀಟಿ ಇಂದೇ ಸರಿಹೋಗುತ್ತದೆ. ನಂತರ ‘ಒಟ್ಟು’ ಎಂಬ ಹೆಸರನ್ನು ತೆಗೆದು ಅದರ ಜಾಗದಲ್ಲಿ ಲೆಕ್ಕ ಹಾಕುವ ಫಂಕ್ಷನ್ ಇಡಿ. ಆಮೇಲೆ ನಮೂದಿಗೆ ದರ, ಮೊತ್ತ ಮತ್ತು ಪಾಳಿಯನ್ನು ಸೇರಿಸಿ. ಹಳೆಯ ನಮೂದುಗಳಿಗೆ ಅಂದಿನ ದರವನ್ನು ತುಂಬುವಾಗ ಈಗಿನ ದರಪಟ್ಟಿಯನ್ನು ಬಳಸಬೇಡಿ, ಸಂಘದಲ್ಲಿರುವ ಆಯಾ ದಿನದ ಪಟ್ಟಿಯನ್ನು ನೋಡಿಯೇ ತುಂಬಿ. ಇಷ್ಟಾದ ಮೇಲೆ ‘ಸ್ಥಿತಿ.’ ಎಂದು ಹುಡುಕಿದರೆ ಸಮಾನ ಚಿಹ್ನೆಯ ಎಡಕ್ಕೆ ಅದು ಬರುವ ಸಾಲುಗಳು ಬೆರಳೆಣಿಕೆಯಷ್ಟೇ ಉಳಿದಿರುತ್ತವೆ. ಅವನ್ನು ಒಂದೊಂದಾಗಿ ‘ಸಂಗ್ರಹಣೆ’ಯ ಮೆಥಡ್‌ಗಳಾಗಿ ಬದಲಾಯಿಸಿ, ಪ್ರತಿಯೊಂದಕ್ಕೂ ಒಂದು ಪರೀಕ್ಷೆ ಬರೆಯಿರಿ; ಬೆಳಗಿನ ಚೀಟಿಯನ್ನು ಸಂಜೆ ಮತ್ತೆ ಮುದ್ರಿಸುವ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ.